ರಾತ್ರಿ ಕೊಟ್ಟ ಒಂದು ಹನಿ ರಕ್ತ

ಆನೆಕಾಲು ರೋಗದ ಹುಳು ಇದೆಯೇ ಎಂದು ನೋಡಲು ಆರೋಗ್ಯ ಇಲಾಖೆಯವರು ಮನೆಗೆ ಬರುತ್ತಿದ್ದದ್ದು ರಾತ್ರಿ. ಊಟ ಮುಗಿದು ಚಾಪೆ ಹಾಸುವ ಹೊತ್ತಿಗೆ ಟಾರ್ಚು ಹಿಡಿದು ಅಂಗಳಕ್ಕೆ ಬಂದು, ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ, ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಹಚ್ಚಿಕೊಂಡು ಹೋಗುತ್ತಿದ್ದರು. "ಹಗಲು ಬಂದರೆ ಆಗುವುದಿಲ್ಲವಾ?" ಎಂದು ಯಾರಿಗಾದರೂ ಅನ್ನಿಸುತ್ತದೆ.

ಹಗಲು ಆಗುವುದಿಲ್ಲ. ಈ ಹುಳದ ಮರಿಗಳು ಹಗಲು ಹೊತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಅವನ್ನು ಹೊತ್ತೊಯ್ಯುವ ಕ್ಯುಲೆಕ್ಸ್ ಸೊಳ್ಳೆ ಕಚ್ಚುವುದೂ ಅದೇ ಹೊತ್ತಿಗೆ.

ಇಷ್ಟು ಗೊತ್ತಾಗಲು ಬಹಳ ಜನರ ರಕ್ತ ಬೇಕಾಯಿತು. 1872ರಲ್ಲಿ ಕಲ್ಕತ್ತದಲ್ಲಿ ಟಿಮೊತಿ ಲೂಯಿಸ್ ಎಂಬ ವೈದ್ಯರು ಮನುಷ್ಯರ ರಕ್ತದಲ್ಲಿ ಈ ಮರಿಹುಳಗಳನ್ನು ಕಂಡರು. 1877ರಲ್ಲಿ ಚೀನಾದ ಅಮೋಯ್ ಎಂಬ ಬಂದರು ಊರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ತಮ್ಮ ಕೆಲಸದಾಳು ಹಿನ್ ಲೋ ಎಂಬವನನ್ನು ಸೊಳ್ಳೆ ಬಿಟ್ಟ ಕೋಣೆಯಲ್ಲಿ ಮಲಗಿಸಿದರು. ಅವನ ರಕ್ತದಲ್ಲಿ ಹುಳದ ಮರಿಗಳಿದ್ದವು. ಬೆಳಿಗ್ಗೆ ಅವನ ರಕ್ತ ಕುಡಿದ ಸೊಳ್ಳೆಗಳನ್ನು ಹಿಡಿದು ಕೊಯ್ದು ನೋಡಿದಾಗ ಮರಿಗಳು ಸೊಳ್ಳೆಯ ಮೈಯೊಳಗೆ ಬೆಳೆಯುವುದು ಕಂಡಿತು. ಸೊಳ್ಳೆಯಿಂದ ರೋಗ ಹರಡುತ್ತದೆ ಎಂಬ ಮಾತಿಗೆ ಬುನಾದಿ ಬಿದ್ದದ್ದು ಅಲ್ಲಿ. ಹೆಸರು ಬಂದದ್ದು ಮ್ಯಾನ್ಸನ್‌ಗೆ. ಹಿನ್ ಲೋ ಮನಸ್ಸಿನಿಂದ ಒಪ್ಪಿದನೋ, ಧಣಿಗೆ ಇಲ್ಲ ಎನ್ನಲಾಗದೆ ಮಲಗಿದನೋ ಎಂದು ಆಗ ಯಾರೂ ವಿಚಾರಿಸಲಿಲ್ಲ. ಈ ಪ್ರಶ್ನೆಗೆ ನಾವು ಕೊನೆಯಲ್ಲಿ ಮತ್ತೆ ಬರುತ್ತೇವೆ.

ನಮ್ಮ ದೇಶದಲ್ಲಿ ರಾಷ್ಟ್ರೀಯ ಆನೆಕಾಲು ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. ಕರ್ನಾಟಕದಲ್ಲಿ ಈ ರೋಗ ಹೆಚ್ಚಾಗಿ ಇದ್ದದ್ದು ಎರಡು ಕಡೆ: ಕಲಬುರಗಿ, ಬೀದರ್ ಸೀಮೆಯಲ್ಲಿ ಮತ್ತು ನಮ್ಮ ಕರಾವಳಿಯಲ್ಲಿ. ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿದೆ. ರಾತ್ರಿ ತೆಗೆದ ಸುಮಾರು 20 ಮೈಕ್ರೋಲೀಟರ್ ರಕ್ತವನ್ನು, ಎಂದರೆ ಒಂದು ಹನಿಯನ್ನು, ಗಾಜಿನ ಮೇಲೆ ಒಣಗಿಸಿ, ನೀರಿನಲ್ಲಿ ಕೆಂಪು ತೊಳೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮರಿಹುಳ ಕಾಣುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ. ಕಾಲು ಪೂರ್ತಿ ಊದಿದವರ ರಕ್ತದಲ್ಲಿ ಹೆಚ್ಚಾಗಿ ಮರಿಹುಳ ಸಿಗುವುದೇ ಇಲ್ಲ. ಸಿಗುವುದು ಏನೂ ಆಗದವರಂತೆ ಓಡಾಡಿಕೊಂಡಿರುವವರ ರಕ್ತದಲ್ಲಿ. ಹಾಗಾಗಿ ಊರಿನ ರೋಗ ಪತ್ತೆಯಾಗಬೇಕಾದರೆ ಆರೋಗ್ಯವಂತರೇ ನಿದ್ದೆಗಣ್ಣಿನಲ್ಲಿ ಬೆರಳು ಒಡ್ಡಬೇಕಿತ್ತು. "ನನಗೇನಾಗಿದೆ, ನಾನು ಯಾಕೆ ಕೊಡಬೇಕು" ಎಂದು ಎಲ್ಲರೂ ಬಾಗಿಲು ಹಾಕಿದ್ದರೆ ಯಾವ ಊರಿನಲ್ಲಿ ರೋಗ ಇದೆ ಎಂಬ ಲೆಕ್ಕವೇ ಸಿಗುತ್ತಿರಲಿಲ್ಲ. ಆ ಲೆಕ್ಕ ಸಿಕ್ಕಿದ್ದರಿಂದ 2004ರಿಂದ ರೋಗ ಇರುವ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಡಿಇಸಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆಯಿತು. 2027ರೊಳಗೆ ದೇಶದಿಂದಲೇ ಈ ರೋಗ ತೊಲಗಿಸುವ ಗುರಿ ಇದೆ. ಈಗ ಹಗಲಿನಲ್ಲೂ ಮಾಡಬಹುದಾದ ಪಟ್ಟಿ ಪರೀಕ್ಷೆ ಬಂದಿದೆ. ಅದೂ ರೋಗಿಗಳ ರಕ್ತ ಇಟ್ಟುಕೊಂಡೇ ತಯಾರಾದದ್ದು.

ಬೆಳ್ತಂಗಡಿಯವರಿಗೆ ಇದೇ ಪಾಠ ಇನ್ನೊಂದು ದಾರಿಯಲ್ಲಿ ಬಂತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಮಂಗಗಳಿಂದಲೂ ಜ್ವರ ಬಂದವರಿಂದಲೂ ತೆಗೆದ ಮಾದರಿಗಳಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ ಕಂಡುಹಿಡಿದರು. 1982-83ರಲ್ಲಿ ಅದೇ ಮಂಗನ ಕಾಯಿಲೆ ಬೆಳ್ತಂಗಡಿ ತಾಲೂಕಿಗೆ ಬಂತು. ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲಿ ಕೂಲಿ ಮಾಡುತ್ತಿದ್ದ ಬಡವರೇ ಹೆಚ್ಚಾಗಿ ಮಲಗಿದರು, ಬಹಳ ಜನ ತೀರಿಕೊಂಡರು. ಕಾಡು ಕಡಿದದ್ದಕ್ಕೆ ದೈವ ಮುನಿದಿದೆ ಎಂದು ಜನ ಆಡಿಕೊಂಡದ್ದನ್ನು ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಬರೆದಿದ್ದಾರೆ. ಜನರ ಮಾತು ಪೂರ್ತಿ ತಪ್ಪಲ್ಲ. ಕಾಡು ಕಡಿದದ್ದಕ್ಕೂ ರೋಗಕ್ಕೂ ಸಂಬಂಧ ಇತ್ತು. ಆದರೆ ಇದು ಕ್ಯಾಸನೂರಿನದ್ದೇ ಜ್ವರ, ಉಣುಗಿನಿಂದ ಬರುವುದು ಎಂದು ಖಚಿತವಾಗಿ ಹೇಳಬೇಕಾದರೆ ಜ್ವರದಲ್ಲಿ ಮಲಗಿದವರ ರಕ್ತವೇ ಬೇಕು. ಬೇರೆ ದಾರಿ ಇಲ್ಲ.

ಇನ್ನು ಯಾರೂ ಮಾದರಿ ಕೇಳದ ಒಂದು ಕಾಯಿಲೆಯ ವಿಷಯ.

ಕೆಲವು ಹೆಂಗಸರಿಗೆ ಸೊಂಟದಿಂದ ಕೆಳಗೆ ಎರಡೂ ಕಾಲು ಒಂದೇ ಸಮ ದಪ್ಪವಾಗುತ್ತಾ ಹೋಗುತ್ತದೆ. ಮೈಯ ಮೇಲಿನ ಭಾಗ ಸಪೂರ, ಕಾಲು ಮಾತ್ರ ಕಂಬ. ಪಾದ ಮೊದಲಿನ ಹಾಗೆಯೇ ಇರುತ್ತದೆ, ಗೆಜ್ಜೆ ಹಾಕುವ ಜಾಗಕ್ಕೆ ಬಂದು ದಪ್ಪ ನಿಲ್ಲುತ್ತದೆ. ಮುಟ್ಟಿದರೆ ನೋವು, ಸಣ್ಣ ಏಟಿಗೂ ನೀಲಿಗಟ್ಟುತ್ತದೆ. ಊಟ ಬಿಟ್ಟರೂ ಕಾಲು ಇಳಿಯುವುದಿಲ್ಲ. ಶುರುವಾಗುವುದು ಹೆಚ್ಚಾಗಿ ಮೈನೆರೆದಾಗ, ಬಸುರಿನಲ್ಲಿ ಅಥವಾ ಮುಟ್ಟು ನಿಲ್ಲುವ ವಯಸ್ಸಿನಲ್ಲಿ. ಎಷ್ಟೋ ಕಡೆ ತಾಯಿಗೂ ಅಜ್ಜಿಗೂ ಹಾಗೆಯೇ ಇದ್ದಿರುತ್ತದೆ. ಇದರ ಹೆಸರು ಲಿಪಿಡೀಮಾ. 1940ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರಾದ ಅಲೆನ್ ಮತ್ತು ಹೈನ್ಸ್ ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿ ಬರೆದರು.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಇಂತಹ ಕಾಲು ಕಂಡರೆ ಜನ ಎರಡೇ ಮಾತು ಹೇಳುತ್ತಾರೆ: "ಆನೆಕಾಲು" ಇಲ್ಲವೇ "ತಿಂದು ಬೆಳೆಸಿದ್ದು". ಎರಡೂ ತಪ್ಪು. ಆನೆಕಾಲು ಹೆಚ್ಚಾಗಿ ಒಂದು ಕಾಲಿಗೆ ಜಾಸ್ತಿ ಇರುತ್ತದೆ, ಪಾದವೂ ಬೆರಳೂ ಊದುತ್ತವೆ. ಆದರೆ ಮದುವೆಯ ಮಾತುಕತೆಯಲ್ಲಿ ಈ ವ್ಯತ್ಯಾಸ ಯಾರು ನೋಡುತ್ತಾರೆ? ಕಾಲು ಚಾಚಿ ಇಡೀ ದಿನ ಬೀಡಿ ಕಟ್ಟುವ ಅಕ್ಕಂದಿರು ಸೀರೆ ಇಳಿಬಿಟ್ಟು ಕಾಲು ಮುಚ್ಚಿಕೊಳ್ಳುತ್ತಾರೆ, ನೋವನ್ನು ಯಾರಲ್ಲೂ ಹೇಳುವುದಿಲ್ಲ.

ಇಲ್ಲಿಯೇ ಚರಿತ್ರೆಯ ಲೆಕ್ಕ ಬರುವುದು. ಆನೆಕಾಲಿಗೆ ರಕ್ತ ಪರೀಕ್ಷೆ ಇದೆ, ಮಾತ್ರೆ ಇದೆ. ಮಂಗನ ಕಾಯಿಲೆಗೆ ಪ್ರಯೋಗಾಲಯದ ಪರೀಕ್ಷೆ ಇದೆ. ಲಿಪಿಡೀಮಾಕ್ಕೆ ಹೆಸರು ಬಂದು 80 ವರ್ಷ ದಾಟಿದರೂ ಒಂದು ರಕ್ತ ಪರೀಕ್ಷೆ ಇಲ್ಲ. ವೈದ್ಯರು ಕೈಯಿಂದ ಮುಟ್ಟಿ, ಕಣ್ಣಿನಿಂದ ನೋಡಿಯೇ ಹೇಳಬೇಕು. ಬಹಳ ಕಾಲ ಇದನ್ನು ಬೊಜ್ಜು ಎಂದೇ ಬಿಟ್ಟದ್ದರಿಂದ ಪ್ರಯೋಗಾಲಯಕ್ಕೆ ಹೋದ ಮಾದರಿಗಳೇ ಕಡಿಮೆ. ಇತ್ತೀಚೆಗೆ ಹೊರದೇಶಗಳಲ್ಲಿ ರೋಗಿಗಳೇ ಮುಂದೆ ಬಂದು ರಕ್ತ, ಜೊಲ್ಲು, ಆಪರೇಷನ್‌ನಲ್ಲಿ ತೆಗೆದು ಎಸೆಯಬೇಕಾಗಿದ್ದ ಕೊಬ್ಬನ್ನು ಸಂಶೋಧನೆಗೆ ಕೊಡುತ್ತಿದ್ದಾರೆ. 2020ರಲ್ಲಿ ಇಟಲಿಯ ಒಂದೇ ಕುಟುಂಬದವರ ಮಾದರಿಗಳಿಂದ ಈ ಕಾಯಿಲೆಗೆ ಸಂಬಂಧ ಇರಬಹುದಾದ ಒಂದು ವಂಶವಾಹಿಯ ಸುಳಿವು ಸಿಕ್ಕಿತು. ಇಲ್ಲೂ ಕಾಯಿಲೆ ಇಲ್ಲದವರ ಮಾದರಿ ಬೇಕು. ಹೋಲಿಸಿ ನೋಡದೆ ವ್ಯತ್ಯಾಸ ಕಾಣದು.

ಊದಿದ ಕಾಲಿನ ವಿಷಯದಲ್ಲಿ ನಮ್ಮ ಪಕ್ಕದಲ್ಲಿಯೇ ಒಂದು ದಾರಿ ತೆರೆದಿದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲಿನಂತಹ ಊತಕ್ಕೆ ತೊಳೆಯುವುದು, ಆಯುರ್ವೇದ, ಯೋಗ, ಬ್ಯಾಂಡೇಜು ಸೇರಿಸಿ ಚಿಕಿತ್ಸೆ ಮಾಡುತ್ತಾ, ರೋಗಿಗಳ ವಿವರವನ್ನು ಸಂಶೋಧನೆಯಾಗಿ ಜಗತ್ತಿನ ಮುಂದೆ ಇಟ್ಟಿದೆ. ಊರ ರೋಗಿಗಳಿಂದಲೂ ವಿಜ್ಞಾನಕ್ಕೆ ಹೊಸದು ಸಿಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಈಗ ಹಿನ್ ಲೋ ಪ್ರಶ್ನೆ. ನಾಳೆ ಯಾರಾದರೂ ನಮ್ಮ ಮನೆಗೆ ಬಂದು ಸಂಶೋಧನೆಗೆ ರಕ್ತ ಕೊಡಿ ಎಂದರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೀಗಿದೆ: ಯಾವುದಕ್ಕೆ ತೆಗೆಯುತ್ತಾರೆ ಎಂದು ನಮಗೆ ಗೊತ್ತಿರುವ ಭಾಷೆಯಲ್ಲಿ ಹೇಳಬೇಕು, ನಮ್ಮ ಒಪ್ಪಿಗೆ ಬೇಕು, ನೈತಿಕ ಸಮಿತಿಯ ಅನುಮತಿ ಬೇಕು, ಹೆಸರು ಗುಟ್ಟಾಗಿರಬೇಕು. ಬೇಡ ಎಂದರೂ ನಮ್ಮ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಒಪ್ಪಿದ ಮೇಲೂ ಹಿಂದೆ ಸರಿಯಬಹುದು. ಇಷ್ಟನ್ನು ಕೇಳಿ ತಿಳಿದು ಕೊಟ್ಟರೆ ಅದು ದಾನ. ಕೇಳದೆ ತೆಗೆದರೆ ಅದು ಬೇರೆಯೇ.

ಸದ್ಯಕ್ಕೆ ನಮ್ಮ ಊರಿನ ಅಕ್ಕಂದಿರು ಮಾಡಬಹುದಾದದ್ದು ಒಂದು: ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸೀರೆ ಸ್ವಲ್ಪ ಎತ್ತಿ ಕಾಲು ತೋರಿಸಿ, "ಇದು ಲಿಪಿಡೀಮಾ ಇರಬಹುದಾ ಡಾಕ್ಟ್ರೇ?" ಎಂದು ಕೇಳುವುದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ಮಾತ್ರ ಕಾಯಬೇಡಿ, ಅದು ಬೇರೆ ತೊಂದರೆ, ಅದೇ ದಿನ ತೋರಿಸಿ. ರಾತ್ರಿ ಬೆರಳು ಒಡ್ಡಿದ ಹಿರಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಒಂದು ಹನಿಯಿಂದ ಮೊಮ್ಮಕ್ಕಳ ಕಾಲು ಉಳಿದಿದೆ.