ನೆರೆ ಮತ್ತು ಭೂಕುಸಿತದ ನಂತರದ ಮಾನಸಿಕ ಆಘಾತ: ತಿಳಿವಳಿಕೆ ಮತ್ತು ನೆರವು

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗು ಜಿಲ್ಲೆಯಲ್ಲಿ ಸಂಭವಿಸಿದ ಅತಿವೃಷ್ಟಿ ಹಾಗೂ ಭೂಕುಸಿತದಿಂದ ಅನೇಕ ಕುಟುಂಬಗಳು ಮನೆ, ತೋಟಗಳನ್ನು ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳ ನೆರೆಯಿಂದ ಉತ್ತರ ಕರ್ನಾಟಕದ ಗ್ರಾಮಗಳೂ ಇದೇ ಸ್ಥಿತಿಯನ್ನು ಕಂಡವು. ಇಂತಹ ವಿಪತ್ತುಗಳಲ್ಲಿ ಬಿದ್ದ ಮನೆ, ಹಾಳಾದ ಬೆಳೆ, ಸತ್ತ ಜಾನುವಾರುಗಳು ಮಹಜರಿನಲ್ಲಿ ದಾಖಲಾಗುತ್ತವೆ. ಮನಸ್ಸಿಗಾದ ಪೆಟ್ಟು ಯಾವ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಆದುದರಿಂದ ಅದನ್ನು ಸಂತ್ರಸ್ತರು ಹಾಗೂ ಅವರ ಕುಟುಂಬದವರೇ ಗುರುತಿಸಿ, ಸಕಾಲದಲ್ಲಿ ನೆರವು ಪಡೆಯುವುದು ಅವಶ್ಯಕವಾಗಿದೆ.

ಮಾನಸಿಕ ಆಘಾತ ಎಂದರೇನು?

ಪ್ರಾಣಾಪಾಯದ ಘಟನೆಯನ್ನು ಅನುಭವಿಸಿದವರಲ್ಲಿ ಅಥವಾ ಕಣ್ಣಾರೆ ಕಂಡವರಲ್ಲಿ ಉಂಟಾಗುವ ತೀವ್ರ ಮನೋವೇದನೆಯೇ ಮಾನಸಿಕ ಆಘಾತ. ಇದು ಮನೋದೌರ್ಬಲ್ಯವಲ್ಲ. ಮೊದಲ ಕೆಲವು ವಾರಗಳಲ್ಲಿ ಭಯ, ಅಳು, ನಿದ್ರಾಹೀನತೆ ಸಹಜವಾಗಿದ್ದು, ಬಹುತೇಕರು ಕ್ರಮೇಣ ಚೇತರಿಸಿಕೊಳ್ಳುತ್ತಾರೆ.

ಗಮನಿಸಬೇಕಾದ ಲಕ್ಷಣಗಳು

1. ಘಟನೆಯು ಮತ್ತೆ ನಡೆಯುತ್ತಿರುವಂತೆ ಭಾಸವಾಗುವುದು, ದುಃಸ್ವಪ್ನಗಳು.
2. ಆ ಸ್ಥಳಕ್ಕೆ ಹೋಗಲು, ಅದರ ಬಗ್ಗೆ ಮಾತನಾಡಲು ಹಿಂಜರಿಯುವುದು.
3. ಮಳೆಯ ಸದ್ದಿಗೂ ಬೆಚ್ಚಿಬೀಳುವುದು, ರಾತ್ರಿಯಿಡೀ ಎಚ್ಚರವಾಗಿರುವುದು.
4. ಬದುಕುಳಿದುದಕ್ಕಾಗಿ ತನ್ನನ್ನೇ ದೂಷಿಸಿಕೊಳ್ಳುವುದು, ಮದ್ಯದ ಮೊರೆಹೋಗುವುದು.
5. ಮಕ್ಕಳು ಹಾಸಿಗೆಯಲ್ಲಿ ಮೂತ್ರ ಮಾಡುವುದು, ತಾಯಿಯನ್ನು ಬಿಟ್ಟಿರದಿರುವುದು, ಆಟದಲ್ಲಿ ಅದೇ ಘಟನೆಯನ್ನು ಪುನರಾವರ್ತಿಸುವುದು.

ಈ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಮುಂದುವರಿದರೆ ಅಥವಾ ದೈನಂದಿನ ಕೆಲಸಗಳಿಗೆ ಅಡ್ಡಿಯಾದರೆ ವೈದ್ಯರನ್ನು ಕಾಣತಕ್ಕದ್ದು. ಕೆಲವರಲ್ಲಿ ಇವು ತಿಂಗಳುಗಳ ನಂತರ, ಮುಂದಿನ ಮಳೆಗಾಲದಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಕುಟುಂಬದವರು ಮತ್ತು ನೆರೆಹೊರೆಯವರು ಮಾಡಬೇಕಾದುದು

ಮೊದಲು ಸುರಕ್ಷತೆ, ಊಟ ಮತ್ತು ನಿದ್ರೆಗೆ ವ್ಯವಸ್ಥೆ ಮಾಡಿರಿ. ನೊಂದವರು ಮಾತನಾಡಿದರೆ ತಾಳ್ಮೆಯಿಂದ ಕೇಳಿರಿ. ನಡೆದುದನ್ನು ಹೇಳುವಂತೆ ಒತ್ತಾಯಿಸಬೇಡಿರಿ. ‘ಆದದ್ದು ಆಯಿತು, ಮರೆತುಬಿಡು’ ಎಂಬ ಮಾತು ನೋವನ್ನು ಹೆಚ್ಚಿಸಬಹುದು. ಮಕ್ಕಳನ್ನು ಸಾಧ್ಯವಾದಷ್ಟು ಬೇಗ ಶಾಲೆಗೆ ಕಳುಹಿಸಿರಿ. ವೈದ್ಯರ ಸಲಹೆಯಿಲ್ಲದೆ ನಿದ್ರೆಮಾತ್ರೆ ನೀಡಬಾರದು.

ನೆರವು ಎಲ್ಲಿ ದೊರೆಯುತ್ತದೆ?

1. ಟೆಲಿ ಮಾನಸ್ ಸಹಾಯವಾಣಿ: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಯು ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು.
2. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಮೊದಲು ಸಂಪರ್ಕಿಸಬಹುದು.
3. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ ಹಾಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ.
4. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್.

ಆಪ್ತಸಮಾಲೋಚನೆ, ಮನೋಚಿಕಿತ್ಸೆ ಮತ್ತು ಅವಶ್ಯವಿದ್ದಲ್ಲಿ ಔಷಧಗಳಿಂದ ಈ ಸ್ಥಿತಿಯು ಗುಣವಾಗಬಲ್ಲದು.

ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಅನ್ವಯ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಚಿಕಿತ್ಸೆಯು ಉಚಿತ. ಇದಕ್ಕೆ ಬಿಪಿಎಲ್ ಕಾರ್ಡ್ ಇರಲೇಬೇಕೆಂಬ ನಿರ್ಬಂಧವಿಲ್ಲ. ನೆರೆಯಲ್ಲಿ ಕಾರ್ಡ್ ಕಳೆದುಕೊಂಡವರು ಈ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ರೋಗಿಯ ವಿವರಗಳನ್ನು ಗೌಪ್ಯವಾಗಿಡಲಾಗುವುದು.

ವಿಶೇಷ ಸೂಚನೆ: ಬದುಕಿರಬಾರದೆಂಬ ಮಾತನ್ನು ಯಾರಾದರೂ ಆಡಿದಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿರಿ. ಕೀಟನಾಶಕಗಳನ್ನು ಅವರ ಕೈಗೆ ಸಿಗದಂತೆ ಇಟ್ಟು, ಕೂಡಲೇ 14416 ಅಥವಾ 112ಕ್ಕೆ ಕರೆ ಮಾಡಿರಿ.