ಅಪ್ಪನ ಫೈಲಿನಲ್ಲಿ ಕನ್ನಡ ಇರಲಿಲ್ಲ

ಮೊನ್ನೆ ಹಳೇ ಸಿಡಿಯೊಂದರಲ್ಲಿ ಅಪ್ಪನ ವರ್ಡ್ ಫೈಲು ಸಿಕ್ತು. ಇಪ್ಪತ್ತು ವರ್ಷದ ಹಿಂದೆ ಊರಿನ ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿದ ನೆನಪುಗಳು. ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ! ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಯಾವುದೋ ಯುರೋಪಿನ ಅಕ್ಷರಗಳ ಸಂತೆ. ಅಪ್ಪ ಈಗಿಲ್ಲ, ಯಾರನ್ನು ಕೇಳೋದು? ಫೈಲು ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಅದರಲ್ಲಿ ಕನ್ನಡ ಮೊದಲಿಂದಲೂ ಇರಲಿಲ್ಲ.

ಇದರ ಬೇರು ಇರೋದು 1963ರ ಅಮೆರಿಕದಲ್ಲಿ. ಕಂಪ್ಯೂಟರಿಗೆ ಗೊತ್ತಿರೋದು ಅಂಕಿ ಮಾತ್ರ. ಹಾಗಾಗಿ ಯಾವ ಅಕ್ಷರಕ್ಕೆ ಯಾವ ಅಂಕಿ ಅನ್ನೋ ಒಪ್ಪಂದ ಬೇಕು. ಆ ವರ್ಷ ಬಂದ ಆಸ್ಕಿ ಅಂಥ ಒಪ್ಪಂದ: 7 ಬಿಟ್, 128 ಜಾಗ. ಇಂಗ್ಲಿಷಿಗೆ ಅಷ್ಟು ಧಾರಾಳ. ಕಾಗುಣಿತ, ಒತ್ತಕ್ಷರ ಇರುವ ನಮಗೆ?

ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಇಸ್ಕಿ ಅನ್ನೋ ಮಾನಕ ತಂದಿತು. ಆದರೆ ಡಿಟಿಪಿ ಅಂಗಡಿಗಳು ಹಿಡಿದ ದಾರಿ ಬೇರೆ. ತಲೆಕಟ್ಟು, ಕೊಂಬು, ಒತ್ತು ಅಂತ ಅಕ್ಷರಗಳನ್ನು ತುಂಡು ಮಾಡಿ, ಯುರೋಪಿನ ಅಕ್ಷರಗಳ ಜಾಗದಲ್ಲಿ ಆ ಚಿತ್ರಗಳನ್ನು ಕೂರಿಸಿದ ಫಾಂಟುಗಳು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಸಂತೆ. ಇದನ್ನು ಹಳಿಯೋದು ಸುಲಭ. ಆದರೆ 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಇಲ್ಲದಿದ್ದರೆ ಅಪ್ಪನಂಥವರ ಬರವಣಿಗೆ ಕಂಪ್ಯೂಟರ್ ಹತ್ತುತ್ತಲೇ ಇರಲಿಲ್ಲ. ಬರಹ, ನುಡಿ ಎರಡೂ ಆಮೇಲೆ ಯೂನಿಕೋಡ್ ಕಲಿತವು.

ಯೂನಿಕೋಡಿನ ಮೊದಲ ಆವೃತ್ತಿಯೂ 1991ರದ್ದೇ. ಅದರಲ್ಲಿ ‘ಕ’ದ ಸಂಖ್ಯೆ 3221. ತೆಲುಗಿನ ‘ಕ’ 3093. ಅಂತರ ಸರಿಯಾಗಿ 128, ಯಾಕಂದ್ರೆ ಇಸ್ಕಿಯ ಸಾಲನ್ನೇ ಯೂನಿಕೋಡ್ ಪ್ರತಿ ಲಿಪಿಗೂ ಹಾಸಿತು. ದೊಡ್ಡ ಬದಲಾವಣೆ ಇನ್ನೊಂದಿದೆ. ‘ಸೂರ್ಯ’ ಪದದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣೋದು ‘ಯ’ ಆದಮೇಲೆ, ಕಿವಿಗೆ ಕೇಳೋದು ಅದಕ್ಕೂ ಮೊದಲು. ಹಳೇ ಫಾಂಟುಗಳು ಕಣ್ಣಿನ ಮಾತು ಕೇಳಿದವು, ಯೂನಿಕೋಡ್ ಕಿವಿಯ ಮಾತು ಕೇಳಿತು.

ಇದಕ್ಕೆ ಬೆಲೆಯೂ ತೆತ್ತಿದ್ದೇವೆ. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಕೂತು, ತಟ್ಟೆ ಕೆಳಗಿನ ಹಾಳೆ ಮೇಲೆ ಯುಟಿಎಫ್-8 ಲೆಕ್ಕ ಬರೆದರು. ಇಂದು ಇಡೀ ವೆಬ್ ಅದರ ಮೇಲೇ ನಿಂತಿದೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ನಮ್ಮದಕ್ಕೆ 3. ‘ಕನ್ನಡ’ ಅಂತ ಇಂಗ್ಲಿಷಿನಲ್ಲಿ ಬರೆದರೆ 7 ಬೈಟ್, ಕನ್ನಡದಲ್ಲೇ ಬರೆದರೆ 15! ಎಸ್ಸೆಮ್ಮೆಸ್ಸಿನಲ್ಲೂ ಇದೇ ಪಾಡು. ಇರೋದು 140 ಬೈಟ್. ಇಂಗ್ಲಿಷಿಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70. ನಮ್ಮಲ್ಲಿ ಎಷ್ಟೋ ಜನ ‘ಊಟ ಆಯ್ತಾ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟೋದು ಕಲಿತಿದ್ದು ಆ ಕಾಲದಲ್ಲೇ.

ಈ ಹೊರೆಯನ್ನು ಇಳಿಸಿದ್ದು ಇಸ್ರೇಲಿನ ಲೆಂಪೆಲ್ ಮತ್ತು ಝಿವ್ 1977ರಲ್ಲೇ ಪ್ರಕಟಿಸಿದ್ದ ಉಪಾಯ. ಬಂದದ್ದೇ ಮತ್ತೆ ಬಂದರೆ ಬರೆಯಬೇಡಿ. ‘ಇಷ್ಟು ಹಿಂದೆ ಹೋಗಿ, ಇಷ್ಟು ನಕಲು ಮಾಡು’ ಅನ್ನಿ. ಜಿಪ್‌ನ ಹೊಟ್ಟೆಯೊಳಗೆ ಇರೋದು ಇದೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರವೂ 224ರಿಂದ ಶುರು, ಆಮೇಲೆ 178 ಅಥವಾ 179. ಈ ಪಲ್ಲವಿಯನ್ನು ಹಿಂಡೋದು ಜಿಪ್‌ಗೆ ಬಲು ಸುಲಭ. ಮೂರು ಪಟ್ಟಿನ ದೂರು ಅಲ್ಲಿ ಬಹುಪಾಲು ಕರಗುತ್ತೆ.

ಅಪ್ಪನ ಫೈಲನ್ನು ಪರಿವರ್ತಕವೊಂದಕ್ಕೆ ಹಾಕಿದೆ. ಬಹಳಷ್ಟು ಬಂತು, ಅರ್ಕಾವೊತ್ತುಗಳು ಮಾತ್ರ ಅಲ್ಲಲ್ಲಿ ದಾರಿ ತಪ್ಪಿದ್ದವು. ಒಂದು ಭಾನುವಾರ ಪೂರ್ತಿ ಕೂತು ತಿದ್ದಿದೆ. ಕೊನೆಗೆ ಹುಡುಕು ಪೆಟ್ಟಿಗೆಯಲ್ಲಿ ಅಜ್ಜಿಯ ಹೆಸರು ಹಾಕಿದೆ: ಪಾರ್ವತಿ. ಮೊದಲ ದಿನ ಒಂದೂ ಸಿಕ್ಕಿರಲಿಲ್ಲ. ಈಗ ಹನ್ನೊಂದು ಕಡೆ ಸಿಕ್ಕಳು.

ನಿಮ್ಮ ಮನೆಯ ಸಿಡಿಗಳನ್ನೂ ಒಮ್ಮೆ ತೆರೆದು ನೋಡಿ. ಅವು ಓದೋಕೆ ಬರುವಷ್ಟು ದಿನ ಮಾತ್ರ ನಮಗೆ ಕಾಲಾವಕಾಶ.