ಬಾಣಲೆಯಿಂದ ಭಟ್ಟಿಗೆ: ಹಾಸನದ ಸೀಮೆಯ ಮೆತ್ತನೆಯ ರೊಟ್ಟಿ

ಈಚಿನ ವರ್ಷಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಲವು ಮನೆಗಳ ಅಡಿಗೆಯ ಕಟ್ಟೆಯ ಮೇಲೆ ವಿದ್ಯುತ್ತಿನ ಪೆಟ್ಟಿಗೆಯೊಲೆಯೊಂದು ಬಂದು ಕುಳಿತಿದೆ. ಮಕ್ಕಳು ಅದನ್ನು ಓವನ್ ಎನ್ನುತ್ತಾರೆ. ರಜೆಗೆ ಬಂದ ಸೊಸೆಯೋ ಮಗಳೋ ಬೆಂಗಳೂರಿನಿಂದ ತಂದ ಜುಕಿನಿ ಎಂಬ ಹಸಿರು ಕಾಯನ್ನು ತುರಿದು, ಹಿಟ್ಟು ಬೆಲ್ಲಗಳೊಡನೆ ಕಲಸಿ, ಆ ಪೆಟ್ಟಿಗೆಯಲ್ಲಿಟ್ಟು, ಮೆತ್ತಗೆ ತೇವವಾಗಿರುವ ಬ್ರೆಡ್ಡೊಂದನ್ನು ಹೊರತೆಗೆಯುತ್ತಾರೆ. ಎಲ್ಲಿಯದಮ್ಮ ಈ ತಿಂಡಿ ಎಂದು ಅಜ್ಜಿ ಕೇಳಿದರೆ, ಅಮೆರಿಕದ್ದು ಎಂಬ ಉತ್ತರ ಬರುತ್ತದೆ. ಉತ್ತರ ಸರಿಯೆ; ಆದರೆ ಅದರಲ್ಲಿ ಅರ್ಧ ಕಥೆ ಮಾತ್ರ ಇದೆ. ಉಳಿದರ್ಧ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಉಂಟು. ಅದನ್ನು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಕಾಯಿಯ ಮಾತು. ಜುಕಿನಿ ಎಂಬುದು ಇಟಲಿಯ ನುಡಿ. ಅಲ್ಲಿ ಜುಕ್ಕ ಎಂದರೆ ಕುಂಬಳ. ಕಿರಿದು ಎಂಬ ಪ್ರತ್ಯಯ ಸೇರಿ ಜುಕಿನಿಯಾಯಿತು. ನಾವು ಕಿರುಗುಂಬಳ ಎಂದರೆ ಅರ್ಥ ಕೆಡುವುದಿಲ್ಲ. ಇದರ ಮೂಲಕುಲ ಅಮೆರಿಕ ಖಂಡದ್ದು. ೧೪೯೨ರಲ್ಲಿ ಕೊಲಂಬಸನು ಆ ದಾರಿ ತೆರೆದ ಮೇಲೆ ಯೂರೋಪಿಗೆ ಬಂದು, ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಮಿಲಾನಿನ ಆಸುಪಾಸಿನ ತೋಟಗಳಲ್ಲಿ ಈಗಿನ ರೂಪವನ್ನು ತಾಳಿತು. ಅನಂತರ ಇಟಲಿಯ ವಲಸೆಗಾರರ ಕೈಯಲ್ಲಿ ಮರಳಿ ಅಮೆರಿಕವನ್ನು ಸೇರಿತು. ತವರಿಗೆ ಹೊಸ ಹೆಸರಿನಿಂದ ಹಿಂದಿರುಗಿದ ಮಗಳು ಇವಳು.

ನಮ್ಮ ಹಿತ್ತಿಲಿನ ಬಳ್ಳಿಗಳ ವಂಶವೂ ಹೀಗೆಯೇ ಬೆರಕೆಯದು. ಸೌತೆ ಈ ದೇಶದ್ದೆ, ಹಿಮಾಲಯದ ತಪ್ಪಲಿನ ಕೂಸು. ಸೋರೆ ಆಫ್ರಿಕದಲ್ಲಿ ಹುಟ್ಟಿದುದಾದರೂ ಇತಿಹಾಸಕ್ಕೆ ನೆನಪು ಮೂಡುವ ಮೊದಲೇ ಇಲ್ಲಿಗೆ ಬಂದುದು. ಸಿಹಿಗುಂಬಳವೂ ಸೀಮೆಬದನೆಯೂ ಅಮೆರಿಕದವು. ಸೀಮೆಬದನೆಯ ವಿಷಯದಲ್ಲಿ ಹೆಸರೇ ಸಾಕ್ಷಿ ನುಡಿಯುತ್ತದೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಎಂಬಲ್ಲಿನ ಸೀಮೆಯೇ ಇಲ್ಲಿಯೂ ಇರುವುದು. ಬದನೆಗೂ ಅದಕ್ಕೂ ನಂಟಿಲ್ಲ. ಅದು ಸೌತೆ ಕುಂಬಳಗಳ ಬಳಗಕ್ಕೆ ಸೇರಿದ್ದು. ಹೊರಗಿನಿಂದ ಬಂದ ಕಾಯಿಪಲ್ಯಗಳ ಪಟ್ಟಿ ಬೇಕಾದವರು ನಮ್ಮ ವೈದಿಕ ಮನೆಗಳ ಶ್ರಾದ್ಧದ ಅಡಿಗೆಯನ್ನು ನೋಡಬಹುದು. ಆಲೂಗೆಡ್ಡೆ, ಟೊಮೆಟೊ, ಎಲೆಕೋಸು, ಸೀಮೆಬದನೆ ಆ ದಿನ ಒಲೆಯ ಬಳಿ ಸುಳಿಯುವುದಿಲ್ಲ. ಪಿತೃಗಳು ಅರಿಯದ ಪದಾರ್ಥವನ್ನು ಪಿತೃಗಳಿಗೆ ಬಡಿಸಬಾರದೆಂಬ ಮರ್ಯಾದೆ. ಆದರೆ ಹಾಸನದ ಕೆಂಪುನೆಲ ಈ ಮರ್ಯಾದೆಯನ್ನು ಕೇಳಲಿಲ್ಲ. ಕರ್ನಾಟಕದಲ್ಲಿ ಆಲೂಗೆಡ್ಡೆಗೆ ಹೆಸರಾದ ಜಿಲ್ಲೆ ಇದೇ ಆಯಿತು!

ಇನ್ನು ಹಿಟ್ಟಿನ ಮಾತು. ಹೇಮಾವತಿಯ ಕಾಲುವೆಗಳು ಹರಿಯುವ ಹೊಳೆನರಸೀಪುರದ ಬಯಲಿನಲ್ಲಿ, ಮಲೆನಾಡಿನ ಸೆರಗಿನ ಅರಕಲಗೂಡಿನಲ್ಲಿ ಅಕ್ಕಿ. ಬಯಲುಸೀಮೆಯ ಚನ್ನರಾಯಪಟ್ಟಣದಲ್ಲಿ ರಾಗಿ, ತೆಂಗು. ಗೋದಿ ಈ ಕಡೆ ಹಬ್ಬದ ಧಾನ್ಯವೇ ಹೊರತು ದಿನದ ಅನ್ನವಾಗಿರಲಿಲ್ಲ. ಅಕ್ಕಿಗೂ ರಾಗಿಗೂ ಒಂದು ಕೊರತೆಯುಂಟು: ನೀರು ಬೆರೆಸಿ ನಾದಿದರೆ ಗೋದಿಯ ಹಿಟ್ಟಿನಲ್ಲಿ ಹುಟ್ಟುವ ಅಂಟು ಇವುಗಳಲ್ಲಿ ಹುಟ್ಟುವುದಿಲ್ಲ. ತಣ್ಣೀರಿನಲ್ಲಿ ಕಲಸಿ ತಟ್ಟಿದ ರೊಟ್ಟಿ ಬಿರಿಯುತ್ತದೆ, ಆರಿದರೆ ಹಪ್ಪಳವಾಗುತ್ತದೆ. ಈ ಕೊರತೆಗೆ ನಮ್ಮ ಹೆಂಗಸರು ಕಂಡುಕೊಂಡ ಪರಿಹಾರಗಳು ಎರಡು. ಒಂದು ಕುದಿನೀರು. ಇನ್ನೊಂದು ಸೋರೆ, ಸೌತೆ.

ಎಳೆಯ ಸೋರೆಯನ್ನು ತುರಿದು ಉಪ್ಪು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಅದು ತನ್ನ ನೀರನ್ನು ತಾನೇ ಬಿಡುತ್ತದೆ. ನೂರು ಪಾಲಿನಲ್ಲಿ ಸುಮಾರು ೯೫ ಪಾಲು ನೀರೇ ಆಗಿರುವ ಕಾಯಿ ಅದು. ಸೌತೆಯೂ ಜುಕಿನಿಯೂ ಅಷ್ಟೆ. ಬಲ್ಲ ಕೈ ಹಿಟ್ಟಿಗೆ ನೀರು ಸುರಿಯುವುದಿಲ್ಲ. ತುರಿಗೆ ಹಿಟ್ಟನ್ನು ಸೇರಿಸುತ್ತ ಹೋಗಿ, ಹದ ಬಂದಲ್ಲಿ ನಿಲ್ಲಿಸುತ್ತದೆ. ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು, ಕಾಲಕ್ಕೆ ತಕ್ಕಂತೆ ಅವರೆಕಾಳು. ಎಣ್ಣೆ ಸವರಿದ ತಣ್ಣನೆಯ ಬಾಣಲೆಯ ಒಳಮೈಗೆ ತಟ್ಟಿ, ಬೆರಳಿನಿಂದ ನಾಲ್ಕಾರು ತೂತು ಮಾಡಿ ಎಣ್ಣೆ ಬಿಟ್ಟು, ಮುಚ್ಚಳ ಮುಚ್ಚಿ ಒಲೆಯ ಮೇಲಿಡುತ್ತಾರೆ. ಒಂದು ರೊಟ್ಟಿ ಇಳಿದೊಡನೆ ಬಾಣಲೆಯನ್ನು ಬೋರಲು ಹಾಕಿ ಬೆನ್ನಿಗೆ ನೀರು ಸುರಿದು ತಣಿಸಿ ಮತ್ತೆ ತಟ್ಟುತ್ತಾರೆ. ಮುಚ್ಚಳದ ಅಡಿಯಲ್ಲಿ ನಡೆಯುವುದೇ ಮುಖ್ಯ ಸಂಗತಿ. ಕಾವಿಗೆ ತುರಿಯ ಎಳೆಗಳು ತಮ್ಮಲ್ಲಿ ಉಳಿದ ನೀರನ್ನು ಮೆಲ್ಲಮೆಲ್ಲನೆ ಬಿಡುತ್ತವೆ. ಅಡಿ ಗರಿಯಾದರೂ ಒಡಲು ಒಣಗುವುದಿಲ್ಲ. ಅಮೆರಿಕದ ಗೃಹಿಣಿ ಜುಕಿನಿಯನ್ನು ಬ್ರೆಡ್ಡಿಗೆ ಹಾಕುವುದೂ ಇದೇ ಕಾರಣಕ್ಕೆ.

ಇಂಥ ರೊಟ್ಟಿಗೆ ಗ್ರಂಥಾಧಾರ ಉಂಟೆ? ಪಂಡಿತವರ್ಗದ ನನ್ನಂಥವರು ಕೇಳುವ ಮೊದಲ ಪ್ರಶ್ನೆ ಇದು. ಕನ್ನಡದಲ್ಲಿ ಪಾಕಶಾಸ್ತ್ರಕ್ಕೆ ಬಡತನವಿಲ್ಲ. ೧೧ನೆಯ ಶತಮಾನದ ಆದಿಯಲ್ಲಿ ಚಾವುಂಡರಾಯನ ‘ಲೋಕೋಪಕಾರ’ ಅಡಿಗೆಯನ್ನೂ ಒಂದು ವಿಷಯವಾಗಿ ಎತ್ತಿಕೊಂಡಿತು. ೧೬ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದನು. ಆತನ ಕಲ್ಲಹಳ್ಳಿ ಹುಣಸೂರಿನ ಕಡೆಯದು, ಅರಕಲಗೂಡಿಗೆ ಬಹುದೂರವಲ್ಲ. ಜೈನನಾದ ಆತನ ಪಾಕಗಳಲ್ಲಿ ಮೊಟ್ಟೆಗೆ ಎಡೆಯೇ ಇಲ್ಲ. ಪಿಷ್ಟಪಾಕದ ಭಾಗದಲ್ಲಿ ಬರುವ ರೊಟ್ಟಿಗಳ ಪೈಕಿ ಮುಚ್ಚಳರೊಟ್ಟಿ ಎಂಬುದೊಂದುಂಟು: ಗೋದಿಯ ಕಣಕವನ್ನು ಮುಚ್ಚಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಬಗೆ. ಇಂದಿನ ಓವನ್ ಮಾಡುವುದೂ ಮೇಲಿನಿಂದಲೂ ಕೆಳಗಿನಿಂದಲೂ ಕಾವು ಕೊಡುವುದನ್ನೇ ಅಲ್ಲವೆ! ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಲಿತ ಸೌತೆಯ ತುರಿ, ಅಕ್ಕಿತರಿ, ಬೆಲ್ಲ, ಕಾಯಿತುರಿಗಳಿಂದ ಮಾಡುವ ತವಸಳಿಯನ್ನೂ ಹಿಂದೆ ಹೀಗೆಯೇ ಮೇಲೆ ಕೆಳಗೆ ಕೆಂಡವಿಟ್ಟು ಬೇಯಿಸುತ್ತಿದ್ದರು. ಜುಕಿನಿ ಬ್ರೆಡ್ಡಿಗೆ ಕರ್ನಾಟಕದಲ್ಲಿ ಒಡಹುಟ್ಟನ್ನು ಹುಡುಕುವುದಾದರೆ ತವಸಳಿಯೇ ಅತಿ ಸಮೀಪದ್ದು.

ಹಾಗೆಂದು ಎಲ್ಲವೂ ನಮ್ಮ ಪೂರ್ವಿಕರಲ್ಲಿತ್ತು ಎಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಮಂಗರಸನದು ಉಳ್ಳವರ ಅಡಿಗೆಮನೆ. ತುಪ್ಪ, ಸಕ್ಕರೆ, ಪರಿಮಳಗಳ ರಾಜ್ಯ. ತಿಪ್ಪೆಯ ಮೇಲೆ ಹಬ್ಬಿದ ಸೋರೆ, ಬೀಸುವ ಕಲ್ಲಿನ ರಾಗಿ ಅಂಥ ಸಭೆಗೆ ಸುಲಭವಾಗಿ ಪ್ರವೇಶ ಪಡೆಯುವಂಥವಲ್ಲ. ರಾಗಿ ಮತ್ತು ಭತ್ತಗಳ ಜಗಳವನ್ನು ಶ್ರೀರಾಮನ ಮುಂದೆ ತಂದು ರಾಗಿಯ ಪರವಾಗಿ ತೀರ್ಪು ಕೊಡಿಸಲು ಕನಕದಾಸರ ‘ರಾಮಧಾನ್ಯಚರಿತ್ರೆ’ಯೇ ಬರಬೇಕಾಯಿತು. ಕಲ್ಲಿನ ಬರಹವಾದರೂ ಹೇಳುತ್ತದೆಯೆ? ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ ೫೦೦ ಶಾಸನಗಳಿವೆ. ಚಿಕ್ಕಬೆಟ್ಟದ ಹಳೆಯ ಶಾಸನಗಳಲ್ಲಿ ಬಹುಪಾಲು ಅನ್ನವನ್ನು ತೊರೆದು ಸಲ್ಲೇಖನದಿಂದ ದೇಹ ಬಿಟ್ಟವರ ಸ್ಮಾರಕಗಳು. ಉಣಿಸನ್ನು ಬಿಟ್ಟವರ ಹೆಸರು ಬಂಡೆಯ ಮೇಲೆ ಉಳಿಯಿತು; ಉಣಿಸನ್ನು ಬೇಯಿಸಿದವರ ಹೆಸರು ಉಳಿಯಲಿಲ್ಲ. ನನಗೆ ಇದು ಸಣ್ಣ ವಿಷಯವೆಂದು ತೋರುವುದಿಲ್ಲ.

ಅಡಿಗೆಯ ಚರಿತ್ರೆಯಲ್ಲಿ ಹಾಸನದವರ ಹೆಸರು ಅಚ್ಚಾಗಿ ಕಾಣಿಸಿಕೊಂಡುದು ಮನೆಯ ಒಲೆಯಿಂದಲ್ಲ, ಪೇಟೆಯ ಭಟ್ಟಿಯಿಂದ. ೧೮೯೮ರಲ್ಲಿ ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ ಎಂಬುವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೋದರನೊಡನೆ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದರು. ಸಿಹಿತಿಂಡಿಯ ಅಂಗಡಿಯಿಟ್ಟಿದ್ದ ಅವರಿಗೆ ಗಿರಾಕಿಯಾಗಿ ಬರುತ್ತಿದ್ದ ಆಂಗ್ಲನೊಬ್ಬನು ಬೇಕರಿಯ ಕೆಲಸ ಕಲಿಸಿದನೆಂದು ಪ್ರತೀತಿ. ಬೆಂಗಳೂರಿಗೆ ಪ್ಲೇಗು ಹೊಕ್ಕ ವರ್ಷವೂ ಅದೇ. ಜನ ಊರು ಬಿಟ್ಟು ಹೋಗುತ್ತಿದ್ದ ವರ್ಷದಲ್ಲಿ ಒಬ್ಬರು ಅಂಗಡಿ ತೆರೆದರೆಂಬುದು ಕುತೂಹಲದ ಸಂಗತಿ.

ಅವರ ಮುಂದಿದ್ದ ತೊಡಕನ್ನು ಯೋಚಿಸಿರಿ. ದಂಡಿನ ಬೇಕರಿಗಳ ಕೇಕು ಮೊಟ್ಟೆಯಿಂದ ಉಬ್ಬುವಂಥದು. ಪೇಟೆಯ ಮಡಿವಂತರು ಅದನ್ನು ಮುಟ್ಟರು. ಮೊಟ್ಟೆಯಿಲ್ಲದೆ ಹಿಟ್ಟು ಉಬ್ಬಬೇಕು, ಒಣಗದೆ ಮೆತ್ತಗಿರಬೇಕು. ಉಬ್ಬಿಸುವ ಸಾಧನ ಆಗಲೇ ಇಂಗ್ಲೆಂಡಿನಲ್ಲಿ ಹುಟ್ಟಿತ್ತು: ಮೊಟ್ಟೆಯೂ ಹುದುಗೂ ಮೈಗೊಗ್ಗದ ಹೆಂಡತಿಗಾಗಿ ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ೧೮೪೩ರಲ್ಲಿ ಬೇಕಿಂಗ್ ಪೌಡರನ್ನು ಮಾಡಿದ್ದನು. ಒಬ್ಬಳ ದೇಹಪ್ರಕೃತಿಗಾಗಿ ಅಲ್ಲಿ ಹುಟ್ಟಿದ ಪುಡಿ ಇಲ್ಲಿ ಒಂದು ಸಮಾಜದ ಆಚಾರಕ್ಕೆ ಒದಗಿತು. ಮೆತ್ತಗಾಗಿಸಲು ಮೊಸರು, ಹಾಲು, ಬಾಳೆಹಣ್ಣು ಮೊದಲಾದುವು ಮನೆಯ ಪದಾರ್ಥಗಳೇ. ಸೋಡಕ್ಕೆ ಮೊಸರಿನ ಹುಳಿ ಸೇರಿದರೆ ಗಾಳಿಯ ಗುಳ್ಳೆ ಏಳುವುದನ್ನು ನಮ್ಮ ವಿಜ್ಞಾನದ ಉಪಾಧ್ಯಾಯರು ತರಗತಿಯಲ್ಲಿ ತೋರಿಸುತ್ತಾರೆ. ಬೇಕರಿಯ ಬಂಡವಾಳವೂ ಅದೇ.

ಮುಂದೆ ಹಾಸನ ಜಿಲ್ಲೆಯ ಊರುಗಳಿಂದ ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ ಎಂಬಂತೆ ಜನ ಹೋಗಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಬೇಕರಿಯಿಟ್ಟರು. ೧೯೭೪ರ ಮಾರ್ಚಿಯಲ್ಲಿ ಭೂಸುಧಾರಣೆಯ ಹೊಸ ಕಾನೂನು ಜಾರಿಗೆ ಬಂದು, ಗೇಣಿದಾರರು ನೆಲಕ್ಕೆ ಒಡೆಯರಾದರು. ಅದು ಆಗಬೇಕಾಗಿದ್ದ ನ್ಯಾಯ. ಗೇಣಿಯನ್ನೇ ನಂಬಿದ್ದ ಮನೆಗಳ ಹುಡುಗರಿಗೆ ಊರಿನಲ್ಲಿ ಉಳಿಯಲು ಕಾರಣ ಕಡಮೆಯಾಯಿತು.

ಅಂಗಡಿಯ ಹಲಗೆಯ ಮೇಲೆ ‘ಅಯ್ಯಂಗಾರ್’ ಎಂಬ ಮಾತು ಏಕೆ ಬಂದಿತು? ಮೊಟ್ಟೆಯಿಲ್ಲ, ಮಾಡಿದವರು ಇಂಥವರು ಎಂದು ಕೊಳ್ಳುವವನಿಗೆ ಆ ಒಂದು ಪದ ಭರವಸೆ ಕೊಡುತ್ತಿತ್ತು. ತಿಂಡಿಯ ರುಚಿಗಿಂತ ಮಾಡಿದವನ ಜಾತಿಯನ್ನು ಮೊದಲು ವಿಚಾರಿಸುವ ಸಮಾಜದಲ್ಲಿ ಹುಟ್ಟಿದ ಭರವಸೆ ಅದು. ಇದನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು. ಆದರೆ ಕಾಲ ಅದನ್ನು ತನ್ನದೇ ರೀತಿಯಲ್ಲಿ ತಿದ್ದಿದೆ. ಮುಂಬಯಿ, ಪುಣೆಗಳವರೆಗೆ ಹಬ್ಬಿದ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟನ್ನೋ ಇಂದು ಹಾಸನದ ಕಡೆಯ ಒಕ್ಕಲಿಗರೂ ಇತರರೂ ನಡೆಸುತ್ತಾರೆ. ಪದ ಜಾತಿಯ ಹೆಸರಾಗಿ ಹೊರಟು ಖಾರಾಬನ್ನಿನ ಹೆಸರಾಗಿ ಮುಟ್ಟಿತು. ಶಬ್ದಗಳ ಅರ್ಥ ಹೀಗೆ ಜಾರುವುದನ್ನು ವ್ಯಾಕರಣದಲ್ಲಿ ಪಾಠ ಹೇಳುವ ನನಗೆ ಈ ಉದಾಹರಣೆ ಬಹಳ ಹಿಡಿಸಿದೆ.

ಭಟ್ಟಿ ಗಂಡಸರದಾಯಿತು, ಬಾಣಲೆ ಹೆಂಗಸರದಾಗಿಯೇ ಉಳಿಯಿತು. ಪೇಟೆಯ ಬೇಕರಿಯ ಯಜಮಾನನ ಮನೆಯಲ್ಲಿಯೂ ಬೆಳಗಿನ ತಿಂಡಿ ಸೋರೆಯ ರೊಟ್ಟಿಯೇ ಆಗಿದ್ದಿತು. ಇವೆರಡು ಎರಡು ವಿದ್ಯೆಗಳೆಂದು ಎಲ್ಲರೂ ತಿಳಿದರು. ಮನೆಯೊಳಗೆ ಬಂದಿರುವ ಪೆಟ್ಟಿಗೆಯೊಲೆ ಈಗ ಅವನ್ನು ಒಟ್ಟುಗೂಡಿಸುತ್ತಿದೆ. ಆದುದರಿಂದ ಬಲ್ಲವರಿಂದ ಕೇಳಿ ತಿಳಿದ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ.

ಜುಕಿನಿಯೇ ಬೇಕೆಂದಿಲ್ಲ, ಬೀಜ ಬಲಿಯದ ಸೋರೆಯೋ ಸೌತೆಯೋ ಸಾಕು. ತುರಿ ಒಂದೂವರೆ ಬಟ್ಟಲು. ಅದನ್ನು ಹಗುರವಾಗಿ ಒತ್ತಿ ಹರಿಯುವ ನೀರನ್ನು ಮಾತ್ರ ತೆಗೆಯಬೇಕು. ಬಟ್ಟೆಯಲ್ಲಿ ಕಟ್ಟಿ ಪೂರ್ತಿ ಹಿಂಡಿದರೆ ತಿರುಳಿನ ತೇವವೂ ಹೋಗಿ ಬ್ರೆಡ್ಡು ಒಣಗುತ್ತದೆ, ಏನನ್ನೂ ಹಿಂಡದಿದ್ದರೆ ಒಳಗೆ ಹಸಿಯಾಗಿ ಉಳಿಯುತ್ತದೆ. ಗೋದಿಹಿಟ್ಟು ಎರಡು ಬಟ್ಟಲು, ಪುಡಿಬೆಲ್ಲ ಒಂದು, ಗಟ್ಟಿಮೊಸರು ಮುಕ್ಕಾಲು, ಎಣ್ಣೆ ಅರ್ಧ. ಬೇಕಿಂಗ್ ಪೌಡರು ಒಂದು ಚಿಕ್ಕ ಚಮಚ, ಸೋಡ ಅರ್ಧ, ಚಿಟಿಕೆ ಉಪ್ಪು, ದಾಲ್ಚಿನ್ನಿಯ ಪುಡಿ. ಬೆಲ್ಲ, ಮೊಸರು, ಎಣ್ಣೆಗಳನ್ನು ಮೊದಲು ಕದಡಿ, ತುರಿ ಸೇರಿಸಿ, ಕಡೆಗೆ ಹಿಟ್ಟು. ಚಪಾತಿಗೆ ನಾದುವಂತೆ ನಾದಬಾರದು. ನಾದಿದಷ್ಟೂ ಗೋದಿಯ ಅಂಟು ಬಲಿತು ಬ್ರೆಡ್ಡು ಗಡುಸಾಗುತ್ತದೆ. ಓವನ್ನಿನಲ್ಲಿ ೧೮೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಮಾರು ೫೦ರಿಂದ ೬೦ ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಕಾಯಿಸಿ, ಅದರೊಳಗೆ ತಟ್ಟೆಯಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಕಡ್ಡಿ ಚುಚ್ಚಿ ತೆಗೆದರೆ ಹಿಟ್ಟು ಅಂಟಿರಬಾರದು.

ಬಾಣಲೆಯ ರೊಟ್ಟಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಅದನ್ನು ಒಲೆಯಿಂದ ಇಳಿಸಿದೊಡನೆ ಬೆಣ್ಣೆಯಿಟ್ಟು ತಿನ್ನಬೇಕು. ಇದನ್ನು ಬಿಸಿಯಲ್ಲಿ ಕೊಯ್ದರೆ ಪುಡಿಯಾಗುತ್ತದೆ; ಪೂರ್ತಿ ಆರಿಸಿ, ಬಟ್ಟೆ ಹೊದಿಸಿಟ್ಟು, ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಕೊಯ್ಯುವುದು ಮೇಲು.